ಲಾಳದ ಗುರುತಿನ ಬಂದೂಕು

ಬೈರಿದೇವರಕೊಪ್ಪದಲ್ಲಿ ನಮ್ಮ ಮನೆಯಿಂದ ಮೂರನೆಯದು ಹುಲಗೇಶ ಅವರ ಮನೆ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಸೈಕಲ್ಲೇರಿ ಹೋಗುವರು, ಸಂಜೆ ಬಂದು ಕಟ್ಟೆಯ ಮೇಲೆ ಕೂತು ಕೈಯ ಎಣ್ಣೆ ಜಿಡ್ಡನ್ನು ಸಾವಕಾಶವಾಗಿ ತೊಳೆದುಕೊಳ್ಳುವರು. ಅವರು ದನಿ ಏರಿಸಿ ಮಾತಾಡಿದ್ದನ್ನು ಓಣಿಯಲ್ಲಿ ಯಾರೂ ಕೇಳಿದವರಲ್ಲ. ಇಂಥ ಮನುಷ್ಯನಿಗೆ ಹಳೆಯ ಮಿಲಿಟರಿ ಬಂದೂಕುಗಳ ಹುಚ್ಚಿದೆ ಎಂದರೆ ಮೊದಮೊದಲು ನಾವು ಯಾರೂ ನಂಬಲಿಲ್ಲ. ನಂಬುವುದಕ್ಕೆ ಅವರ ಮನೆಯಲ್ಲಿ ಒಂದು ಬಂದೂಕೂ ಇರಲಿಲ್ಲ. ಇಟ್ಟುಕೊಳ್ಳುವ ಆಸೆಯೂ ಅವರಿಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ಬಂದೂಕು, ಅದೂ ಒಂದು ಸಲ ಕೈಯಲ್ಲಿ ಹಿಡಿದು ನೋಡಲಿಕ್ಕೆ.

ಅದು ಅವರ ತಂದೆ ಸೋಮಪ್ಪ ಹೆಗಲಿಗೆ ಹಾಕಿಕೊಂಡು ತಿರುಗಿದ ಬಂದೂಕು.

ಸೋಮಪ್ಪ ನವಲಗುಂದದ ಕಡೆಯ ಒಂದು ಹಳ್ಳಿಯ ಕೇರಿಯಲ್ಲಿ ಹುಟ್ಟಿದವನು. ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಯಾರಾದರೂ ಕನಿಕರಪಟ್ಟು ಮೇಲಿನಿಂದ ಸುರಿದರೆ ಕೊಡ ತುಂಬಬೇಕು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. 1942ರಲ್ಲಿ ಬೆಳಗಾವಿಯಲ್ಲಿ ಮಹಾರ ಪಲ್ಟಣಕ್ಕೆ ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಕೇಳಿ, ಹತ್ತೊಂಬತ್ತರ ವಯಸ್ಸಿನಲ್ಲಿ ರೊಟ್ಟಿ ಗಂಟು ಕಟ್ಟಿಕೊಂಡು ನಡೆದೇ ಹೋದ. ನಾಲ್ಕು ವರ್ಷ ದೂರದ ಸರಹದ್ದಿನ ಚಳಿಯಲ್ಲಿ ಕಾವಲು ನಿಂತ. ಯುದ್ಧ ಮುಗಿದ ಮೇಲೆ ಬಂದೂಕು ಒಪ್ಪಿಸಿ ಊರಿಗೆ ಬಂದಾಗ ಬಾವಿ ಹಾಗೇ ಇತ್ತು, ಹಗ್ಗವೂ ಹಾಗೇ ಇತ್ತು. ವರ್ಷ ತುಂಬುವುದರೊಳಗೆ ಹೆಂಡತಿ ಸತ್ಯವ್ವಳನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದು ರೈಲ್ವೆ ಗೋದಾಮಿಗೆ ಕಾವಲುಗಾರನಾದ. ಮುಂದೆ ಬೌದ್ಧ ಧರ್ಮ ಸ್ವೀಕರಿಸಿದ. ಮಗ ಹುಲಗೇಶನನ್ನು ಐಟಿಐ ಓದಿಸಿ ವರ್ಕ್‌ಶಾಪಿಗೆ ಹಚ್ಚಿದ.

ಪಲ್ಟಣದ ಮಾತನ್ನು ಅವನು ಮಗನ ಮುಂದೆ ಎಂದೂ ಆಡಿದವನಲ್ಲ. 1991ರಲ್ಲಿ ಹಾಸಿಗೆ ಹಿಡಿದ ಮೇಲೆ ಅದೊಂದೇ ಮಾತಾಯಿತು. ಜ್ವರದಲ್ಲಿ ಕಣ್ಣು ಮುಚ್ಚಿಕೊಂಡು “ಚಾರ್ ಚಾರ್ ಏಕ್ ಸಾತ್” ಎನ್ನುವನು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಎನ್ನುವನು. ಒಂದು ಮಧ್ಯಾಹ್ನ ಎಚ್ಚರ ನೆಟ್ಟಗಿದ್ದಾಗ ಹುಲಗೇಶ ಕೇಳಿದರು.

“ಏನದು ಅಪ್ಪಾ, ನಾಕು ನಾಕು ಒಂದು ಏಳು?”

“ನನ್ನ ಬಂದೂಕಿನ ನಂಬರ.”

“ಇನ್ನೂ ನೆನಪೈತೇನು?”

“ಊರಾಗ ನನ್ನ ಹೆಸರ ಹಿಡದು ನೆಟ್ಟಗ ಕರದವರಿಲ್ಲೋ. ಪಲ್ಟಣದಾಗ ನನಗೊಂದ ನಂಬರ ಇತ್ತು, ನನ್ನ ಬಂದೂಕಿಗೊಂದ ನಂಬರ ಇತ್ತು. ಮತ್ತೊಬ್ಬರು ಅದನ್ನ ಮುಟ್ಟಂಗಿರಲಿಲ್ಲ.” ಮುದುಕ ಸುಧಾರಿಸಿಕೊಂಡು ಅದನ್ನೇ ಇನ್ನೊಮ್ಮೆ ಹೇಳಿದ. “ತಿಳೀತೇನು? ನಂದನ್ನ ಮತ್ತೊಬ್ಬರು ಮುಟ್ಟಂಗಿರಲಿಲ್ಲ.”

“ಹೌದಪ್ಪ.”

“ಒಪ್ಪಿಸೋ ದಿನ ಒಂದ ಸಲ ಹೊಳ್ಳಿ ನೋಡಬೇಕು ಅಂತಿದ್ನಿ. ಲೈನ್ ಮುಂದ ನಡೀರಿ ಅಂದ್ರು. ನೋಡಲಿಲ್ಲ. ಎಲ್ಲೈತೋ ಏನೋ ಈಗ.”

ಅದಾದ ಹನ್ನೊಂದು ದಿನಕ್ಕೆ ಸೋಮಪ್ಪ ತೀರಿಕೊಂಡ.

ಹುಲಗೇಶರಿಗೆ ಆ ಕೊನೆಯ ಮಾತು ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು. ಲಕ್ಷಾಂತರ ಬಂದೂಕುಗಳಲ್ಲಿ ಒಂದನ್ನು ಹುಡುಕುವುದು ಆಗದ ಮಾತು ಎಂದು ಅವರಿಗೂ ಗೊತ್ತಿತ್ತು. ಆದರೆ ಫಿಟ್ಟರ್ ಆದವರಿಗೆ ಒಂದು ನಂಬಿಕೆ ಇರುತ್ತದೆ: ಕಬ್ಬಿಣ ಎಲ್ಲಿಯೂ ಮಾಯವಾಗುವುದಿಲ್ಲ, ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಒಂದು ಭಾನುವಾರ ಅವರು ದುರ್ಗದಬೈಲಿನ ಹಿಂದಿನ ಸಂದಿಯಲ್ಲಿದ್ದ ಮಕಬೂಲಸಾಬರ ಅಂಗಡಿಗೆ ಹೋದರು. ಮಕಬೂಲಸಾಬರು ಮೂರು ತಲೆಮಾರಿನಿಂದ ಬಂದೂಕು ರಿಪೇರಿ ಮಾಡುವವರು. ಅಗಲ ಎರಡು ಮಾರಿನ ಅಂಗಡಿ, ಒಂದು ಬೆಂಚು, ಗೋಡೆಗೆ ಒರಗಿಸಿದ ನಳಿಗೆಗಳು, ಸಾಣೆಯ ಎಣ್ಣೆಯ ವಾಸನೆ.

ಹುಲಗೇಶರು ತಮ್ಮ ಕತೆ ಹೇಳಿದಾಗ ಅವರು ನಗಲಿಲ್ಲ. ಮೂಲೆಯಿಂದ ಒಂದು ಹಳೆಯ ಬಂದೂಕು ತೆಗೆದು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು.

“ನಿಮ್ಮ ತಂದಿಯವರು ಹಿಡದದ್ದು ಈ ಜಾತಿದು. ಬಂದೂಕಿನ ಜಾತಕ ಅದರ ಮೈಮ್ಯಾಲೇ ಇರ್ತೈತಿ, ಓದಾಕ ಬರಬೇಕಷ್ಟ. ಇಲ್ನೋಡ್ರಿ, ಕಟ್ಟಿಗಿ ಶುರುವಾಗೋ ಮುಂದ ಈ ಕಬ್ಬಿಣದ ಪಟ್ಟಿ. ಮ್ಯಾಲೆ ಕಿರೀಟ. ಅದರ ಬುಡಕ ಕಾರ್ಖಾನಿ ಹೆಸರು, ಇಷಾಪುರ. ಅದರ ಬುಡಕ ಇಸವಿ. ಮುಂದ ಇಲ್ಲಿ ನಳಿಗಿ ಕೂಡೋ ಜಾಗಾದಾಗ ನಂಬರ. ಇದ ನಂಬರ ಗುಂಡು ಒಳಗ ತಳ್ಳೋ ಈ ಬೋಲ್ಟಿನ ಮ್ಯಾಲೂ ಇರಬೇಕು. ಎರಡೂ ಒಂದ ಇದ್ರ ಜೋಡಿ ಮುರದಿಲ್ಲ ಅಂತ ತಿಳೀರಿ.”

ಅಂದಿನಿಂದ ಭಾನುವಾರಗಳೆಲ್ಲ ಅಲ್ಲೇ ಕಳೆದವು. ಚಾಚಾ ಎಂದು ಕರೆಯುತ್ತ ಬೆಂಚಿನ ಮೇಲೆ ಕೂತು ಸ್ಕ್ರೂ ತಿರುಗಿಸಿಕೊಡುತ್ತ ಹುಲಗೇಶರು ಕಲಿತರು. ಕಾರ್ಬೈನ್ ಎಂದರೆ ಕುದುರೆ ಸವಾರರಿಗಾಗಿ ಮಾಡಿದ ಗಿಡ್ಡ ಬಂದೂಕು. ಆದರೆ ಗಿಡ್ಡ ಇದ್ದದ್ದೆಲ್ಲ ಕಾರ್ಬೈನ್ ಅಲ್ಲ. ಉದ್ದದ್ದನ್ನೇ ಗರಗಸದಿಂದ ಕೊಯ್ದು ಕಾರ್ಬೈನ್ ಎಂದು ಮಾರುವವರಿದ್ದಾರೆ. ನಳಿಗೆಯ ಬಾಯಿಯ ಅಂಚು, ಗುರಿ ಹಿಡಿಯಲು ತುದಿಗಿರುವ ಗುಬ್ಬಿ ಕೂತ ಜಾಗ ನೋಡಿದರೆ ಕಳ್ಳತನ ಗೊತ್ತಾಗುತ್ತದೆ. ಒಮ್ಮೆ ಧಾರವಾಡದ ವಕೀಲರೊಬ್ಬರು ಗೋಡೆಗೆ ತೂಗುಹಾಕಲು ತಂದ ಬಂದೂಕಿನ ಮೇಲೆ ಇಂಗ್ಲಿಷಿನ ಒಂದು ಅಕ್ಷರ ತಿರುವುಮುರುವಾಗಿತ್ತು. ಮಕಬೂಲಸಾಬರು ಅದನ್ನು ತೋರಿಸಿ ಹೇಳಿದರು: “ಸರಹದ್ದಿನ ಕಮ್ಮಾರರು ಮಾಡಿದ್ದು. ಪಾಪ, ಅವರಿಗೆ ಇಂಗ್ಲಿಷ್ ಬರೂದಿಲ್ಲ. ಅಕ್ಷರ ಅಂತ ನೋಡಲಿಲ್ಲ, ಚಿತ್ರ ಅಂತ ನೋಡಿ ಕೊರದಾರ.”

ಬಂದೂಕುಗಳನ್ನು ಕೊಳ್ಳಲಾಗದ ಹುಲಗೇಶರು ಅವುಗಳ ಮುದ್ರೆಗಳನ್ನು ಕೂಡಿಸತೊಡಗಿದರು. ಮುದ್ರೆಯ ಮೇಲೆ ತೆಳ್ಳನೆ ಕಾಗದ ಹಾಸಿ ಮೆತ್ತನೆಯ ಪೆನ್ಸಿಲ್ಲಿನಿಂದ ತಿಕ್ಕಿದರೆ ಕಿರೀಟ, ಇಸವಿ, ನಂಬರು ಎಲ್ಲ ಕಾಗದದಲ್ಲಿ ಏಳುತ್ತಿದ್ದವು. ಆ ಕಾಗದವನ್ನು ಪಟ್ಟಿಯಾಗಿ ಕತ್ತರಿಸಿ ಚಿತ್ರಕಲೆಯ ದೊಡ್ಡ ಪುಸ್ತಕದಲ್ಲಿ ಅಂಟಿಸಿ, ಕೆಳಗೆ ಯಾವ ಜಾತಿಯದು, ಎಲ್ಲಿ ಕಂಡದ್ದು ಎಂದು ಬರೆದಿಡುವರು. ಚುನಾವಣೆ ಬಂದರೆ ಅವರಿಗೆ ಸುಗ್ಗಿ. ಲೈಸೆನ್ಸ್ ಇದ್ದವರೆಲ್ಲ ಬಂದೂಕು ಠಾಣೆಗೆ ಒಪ್ಪಿಸಬೇಕು. ಒಪ್ಪಿಸುವ ಮೊದಲು ಎಣ್ಣೆ ಹಾಕಿಸಲು ಮಕಬೂಲಸಾಬರ ಅಂಗಡಿಗೆ ತರುವರು. ಹಳೆಯ ವಾಡೆಗಳ ಅಟ್ಟದಿಂದ, ಕಬ್ಬಿನ ಗದ್ದೆಯ ಕಾವಲು ಗುಡಿಸಲಿನಿಂದ, ಅಜ್ಜಂದಿರ ಕಾಲದ ಕೋವಿಗಳು ಆಗ ದುರ್ಗದಬೈಲಿಗೆ ಇಳಿಯುತ್ತಿದ್ದವು. ಜನ ಪಕ್ಷಗಳ ಮಾತಾಡುತ್ತಿದ್ದರೆ ಹುಲಗೇಶರು ಮಂಡಿಯೂರಿ ಕೂತು ಪೆನ್ಸಿಲ್ ತಿಕ್ಕುತ್ತಿದ್ದರು.

ಹಾಗೆ ತಿಕ್ಕುತ್ತಿರುವಾಗಲೇ ಅವರಿಗೊಂದು ಸಂಗತಿ ಹೊಳೆದದ್ದು. ಪ್ರತಿ ನಂಬರಿನ ಮುಂದೆ ಒಂದು ಇಂಗ್ಲಿಷ್ ಅಕ್ಷರ ಇರುತ್ತಿತ್ತು. ಎಣಿಕೆ ಮುಗಿದಾಗ ಕಾರ್ಖಾನೆಯವರು ಅಕ್ಷರ ಬದಲಿಸಿ ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ಅಂದರೆ ನಾಲ್ಕು ನಾಲ್ಕು ಒಂದು ಏಳು ಎಂಬ ಬಂದೂಕು ಒಂದಲ್ಲ, ಅಕ್ಷರಕ್ಕೊಂದು ಇರಬೇಕು. ಅಪ್ಪ ಅಕ್ಷರವನ್ನು ಹೇಳಿಯೇ ಇರಲಿಲ್ಲ.

ಆ ಸಂಜೆ ಅವರು ಮನೆಗೆ ಬಂದವರೇ ತಾಯಿ ಸತ್ಯವ್ವನ ಎದುರು ಕೂತರು. ಮುದುಕಿ ಮೆಂತೆಸೊಪ್ಪು ಸೋಸುತ್ತಿದ್ದಳು.

“ಯವ್ವಾ, ಅಪ್ಪ ಬಂದೂಕಿನ ನಂಬರ ಹೇಳಬೇಕಾದ್ರ ಮುಂದ ಮತ್ತೇನರ ಹೇಳ್ತಿದ್ನೇನು? ಎ, ಬಿ, ಸಿ ಅಂಥಾದ್ದು?”

“ಎಬಿಸಿ ಅವಗೆಲ್ಲಿ ಬರತಿತ್ತಪಾ. ಅಂಕಿ ಅಷ್ಟ ಪಲ್ಟಣದಾಗ ಕಲತಿದ್ದ.” ಅವಳು ಸೊಪ್ಪಿನ ಕೈ ತಡೆದಳು. “ಲಗ್ನಾದ ಹೊಸದಾಗ ಹೇಳ್ತಿದ್ದ. ಅದಕ ಲಾಳದ ಗುರುತಿತ್ತಂತ.”

“ಲಾಳ? ಕುದುರಿ ಲಾಳ?”

“ಹ್ಞೂಂ. ನೂರಾರ ಬಂದೂಕ ಸಾಲಾಗಿ ನಿಂತಿರ್ತಾವು, ನಾ ಲಾಳ ನೋಡಿ ನಂದು ತಗೋತಿದ್ನಿ ಅಂತಿದ್ದ.”

ಹುಲಗೇಶರು ಎದ್ದು ಹೋಗಿ ಪುಸ್ತಕದ ಹಿಂದಿನ ಹಾಳೆಯಲ್ಲಿ ದೊಡ್ಡದಾಗಿ ಬರೆದುಕೊಂಡರು: ಲಾಳ, ಅಂದರೆ ಯು. ಯು 4417. ಅಷ್ಟು ವರ್ಷಗಳಲ್ಲಿ ಅವರು ಅಷ್ಟು ಸಂತೋಷಪಟ್ಟದ್ದನ್ನು ನೋಡಿರಲಿಲ್ಲ ಎಂದು ಅವರ ಹೆಂಡತಿ ಆಮೇಲೆ ನಮ್ಮ ಮನೆಯಲ್ಲಿ ಹೇಳಿದರು.

1996ರ ಮಳೆಗಾಲದಲ್ಲಿ ಧಾರವಾಡದ ಒಂದು ಕಾಲೇಜಿನಿಂದ ಮಕಬೂಲಸಾಬರಿಗೆ ಕರೆ ಬಂತು. ಅಲ್ಲಿನ ಎನ್‌ಸಿಸಿಯಲ್ಲಿ ಹುಡುಗರ ಕವಾಯತಿಗೆ ಕೊಡುವ ಹಳೆಯ ಪಲ್ಟಣದ ಬಂದೂಕುಗಳಿದ್ದವು. ಗುಂಡು ಹಾರದಂತೆ ನಳಿಗೆಗೆ ತೂತು ಹೊಡೆದಂಥವು. ಕೆಲವುಗಳ ಕಟ್ಟಿಗೆ ಸಡಿಲಾಗಿತ್ತು. ಮಕಬೂಲಸಾಬರಿಗೆ ಮಂಡಿನೋವು, ಹುಲಗೇಶರನ್ನೇ ಕಳಿಸಿದರು. ಉಗ್ರಾಣದ ಉಸ್ತುವಾರಿ ಏಕನಾಥ ಎಂಬ ನಿವೃತ್ತ ಹವಾಲ್ದಾರರದು, ಸಮಾಧಾನದ ಮನುಷ್ಯ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ, ಒಳಗೆ ಮೇಜಿನ ಮೇಲೆ ಒಂದೊಂದಾಗಿ ಮಲಗಿಸಿದ ನಲವತ್ತು ಬಂದೂಕುಗಳು. ಹುಲಗೇಶರು ಸ್ಕ್ರೂ ಬಿಗಿಯುತ್ತ, ಕಟ್ಟಿಗೆಗೆ ಎಣ್ಣೆ ತಿಕ್ಕುತ್ತ, ಏಕನಾಥರ ಅಪ್ಪಣೆ ಪಡೆದು ಮುದ್ರೆ ತೆಗೆಯುತ್ತ ಹೋದರು.

ಇಪ್ಪತ್ತಾರನೆಯದೋ ಇಪ್ಪತ್ತೇಳನೆಯದೋ. ಕಿರೀಟ, ಇಷಾಪುರ, 1942. ಕಾಗದ ಹಾಸಿ ನಂಬರಿನ ಮೇಲೆ ಪೆನ್ಸಿಲ್ ಎಳೆದಾಗ ಬಲಗಡೆಯಿಂದ ಮೊದಲು ಏಳು ಎದ್ದಿತು, ಆಮೇಲೆ ಒಂದು, ನಾಲ್ಕು, ಇನ್ನೊಂದು ನಾಲ್ಕು. ಅವರು ಎಡಕ್ಕೆ ಇನ್ನೊಂದು ಗೆರೆ ಎಳೆದರು.

ಎದ್ದ ಅಕ್ಷರ ಸಿ.

“ಏನಾತ್ರಿ ಹುಲಗೇಶ? ಮುಖಾ ಯಾಕ ಹಂಗಾತು?” ಏಕನಾಥರು ಕೇಳಿದರು.

“ಏನಿಲ್ರಿ. ಒಂದ ಅಕ್ಷರದಾಗ ತಪ್ಪಿತು.”

ಅಕ್ಷರ ತಪ್ಪಿದರೆ ಎಲ್ಲ ತಪ್ಪಿದಂತೆ. ಕೂದಲೆಳೆಯ ಅಳತೆಗೆ ಕಬ್ಬಿಣ ಉಜ್ಜಿದ ಮನುಷ್ಯ ಅವರು. ಸರಿಸುಮಾರು ಎಂಬುದು ಅವರ ಕಸುಬಿನಲ್ಲಿರಲಿಲ್ಲ. ಪಟ್ಟಿಯನ್ನು ಉಳಿದವುಗಳ ಜೊತೆ ಕಿಸೆಯಲ್ಲಿಟ್ಟು, ಆ ಬಂದೂಕಿಗೆ ಎಣ್ಣೆ ಹಚ್ಚಿ, ಬದಿಗೆ ಸರಿಸಿ, ಮುಂದಿನದನ್ನು ಎಳೆದುಕೊಂಡರು. ಸಂಜೆ ಬಸ್ಸಿನಲ್ಲಿ ಹುಬ್ಬಳ್ಳಿಗೆ ಮರಳಿದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಆಮೇಲೆ ಏಳು ವರ್ಷ ಅವರು ಯು ಅಕ್ಷರವನ್ನು ಹುಡುಕಿದರು. ರಜೆ ಹಾಕಿ ಬೆಳಗಾವಿಗೆ ಹೋದರು, ಒಮ್ಮೆ ಕೊಲ್ಹಾಪುರಕ್ಕೂ ಹೋಗಿಬಂದರು. ಹಳೆಯ ಬಂದೂಕು ಕೂಡಿಸುವ ಹವ್ಯಾಸಿಗಳು ಅವರಿಗೆ ಕಾಗದ ಬರೆಯತೊಡಗಿದರು. ಮುದ್ರೆ ನೋಡಿ ಇದು ಖರೇ, ಇದು ಖೋಟಾ ಎಂದು ಹೇಳುವುದರಲ್ಲಿ ಈ ಭಾಗದಲ್ಲಿ ಅವರ ಮಾತೇ ಕೊನೆಯದು ಎನ್ನುವಷ್ಟು ಹೆಸರಾಯಿತು. ಪುಸ್ತಕಗಳು ಒಂದು ಹೋಗಿ ನಾಲ್ಕಾದವು. ಮಕಬೂಲಸಾಬರು ತೀರಿಕೊಂಡರು, ಅಂಗಡಿ ಮುಚ್ಚಿ ಅಲ್ಲಿ ಮೊಬೈಲ್ ಮಾರುವವರು ಬಂದರು. ಯು ಅಕ್ಷರದ ಇಷಾಪುರದ ಬಂದೂಕುಗಳು ಎರಡೋ ಮೂರೋ ಕಂಡವು, ನಂಬರು ಹತ್ತಿರಕ್ಕೂ ಬರಲಿಲ್ಲ.

2003ರಲ್ಲಿ ಮಗಳು ನೀಲಾ ಕಾಲೇಜು ಸೇರಿ ತಾನಾಗಿಯೇ ಎನ್‌ಸಿಸಿಗೆ ಹೆಸರು ಕೊಟ್ಟಳು. ಖಾಕಿ ಅಂಗಿಯ ಮೊಮ್ಮಗಳನ್ನು ನೋಡಿ ಸತ್ಯವ್ವ ಮೈ ಸವರಿ ಅತ್ತಳು. ಅದಾಗಿ ತಿಂಗಳಿರಬಹುದು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಹುಲಗೇಶರು ಹರಿದ ಹಾಳೆ ಅಂಟಿಸಲೆಂದು ಪುಸ್ತಕಗಳನ್ನು ಹರವಿದ್ದರು. ಸತ್ಯವ್ವ ಒಂದನ್ನು ತೊಡೆಯ ಮೇಲೆ ತೆಗೆದುಕೊಂಡು, ಓದು ಬಾರದವರು ಹಿಡಿಯುವಂತೆ ಹೇಗೆಂದರೆ ಹಾಗೆ ಹಿಡಿದು, ಚಿತ್ರ ನೋಡುವ ಹಾಗೆ ಹಾಳೆ ತಿರುವುತ್ತಿದ್ದಳು. ಒಂದು ಹಾಳೆಗೆ ಬಂದು ಕಣ್ಣು ಹತ್ತಿರ ತಂದಳು.

“ಹುಲಗ್ಯಾ, ಇಲ್ಲೈತಲ್ಲೋ ಲಾಳ.”

“ಯಾವದವ್ವಾ?”

“ಇದ. ಬುಡಕ ಐತಿ ನೋಡು. ಅದರ ಮ್ಯಾಲೆ ಅಂಕಿ ಏರ್ಯಾವು.”

ಹುಲಗೇಶರು ಬಗ್ಗಿ ನೋಡಿದರು. ತಾಯಿ ಪುಸ್ತಕವನ್ನು ಅಡ್ಡ ಹಿಡಿದಿದ್ದಳು, ಹಾಳೆಯ ಬಲಬದಿ ಮೇಲಾಗಿ. ಪಟ್ಟಿ ನೆಟ್ಟಗೆ ನಿಂತಂತಿತ್ತು. ಮಲಗಿದ ಸಿ ಎದ್ದು ನಿಂತು, ಬಾಯಿ ಆಕಾಶಕ್ಕೆ ತೆರೆದು, ಲಾಳವಾಗಿತ್ತು. ಅದರ ಮೇಲೆ ಒಂದರ ಮೇಲೊಂದು ನಾಲ್ಕು, ನಾಲ್ಕು, ಒಂದು, ಏಳು.

ನೀಲಾ ಬಂದು ಅಪ್ಪನ ಹೆಗಲ ಮೇಲಿನಿಂದ ನೋಡಿದಳು. ಅವಳಿಗೆ ಕೂಡಲೇ ತಿಳಿಯಿತು.

“ಅಪ್ಪಾ, ಬಂದೂಕು ಯಾರರ ಮಲಗಿಸಿ ಇಡ್ತಾರೇನು? ನಮ್ಮ ಸ್ಟೋರ್‌ನ್ಯಾಗೂ ನೆಟ್ಟಗ ಸಾಲಾಗಿ ನಿಲ್ಲಿಸಿರ್ತಾರ, ನಳಿಗಿ ಮ್ಯಾಲೆ. ಅಜ್ಜ ನಿಂತದ್ದನ್ನ ನೋಡಿ ಗುರುತು ಹಿಡಿತಿದ್ದ. ಅವಂಗ ಅದು ಅಕ್ಷರ ಅಲ್ಲ.”

“ಹೌದವಾ,” ಎಂದರು ಹುಲಗೇಶರು. “ನಾ ಮಲಗಿಸಿ ಓದಿದ್ನಿ.”

ಮರುದಿನ ಕೆಲಸಕ್ಕೆ ಹೋಗದೆ ಧಾರವಾಡಕ್ಕೆ ಹೋದರು. ಕಾಲೇಜಿನ ಉಗ್ರಾಣದಲ್ಲಿ ಬೇರೆಯವರಿದ್ದರು, ಬಂದೂಕುಗಳೂ ಬೇರೆ. ಹಳೆಯವು 1999ರಲ್ಲೇ ವಾಪಸು ಹೋದವು ಎಂದರು. ಏಕನಾಥರು ಸತ್ತೂರಿನಲ್ಲಿ ಮನೆ ಮಾಡಿಕೊಂಡಿದ್ದಾರೆಂದು ಕೇಳಿ ಅಲ್ಲಿಗೆ ಹೋದರು. ಅವರು ಅಂಗಳದಲ್ಲಿ ಬೆಳ್ಳುಳ್ಳಿ ಒಣಹಾಕುತ್ತಿದ್ದರು. ಗುರುತು ಹಿಡಿದು ಒಳಗೆ ಕರೆದು ಚಹಾ ಮಾಡಿಸಿದರು. ಹುಲಗೇಶರು ಪಟ್ಟಿಯನ್ನು ಮುಂದಿಟ್ಟು ಎಲ್ಲ ಹೇಳಿದರು. ಏಕನಾಥರ ಕೈಯ ಬಶಿ ಹಾಗೆಯೇ ನಿಂತಿತು.

“ನಲವತ್ತನ್ನೂ ನಾನ ಪೆಟ್ಟಿಗಿಗೆ ತುಂಬಿದ್ನಿ. ಮೊಳಿ ಸೈತ ನಾನ ಬಡದಿದ್ನಿ,” ಎಂದರು ಮೆಲ್ಲಗೆ. “ಅಂಥವನ್ನ ಕೊಯ್ದು ಭಟ್ಟಿಗೆ ಹಾಕ್ತಾರ. ಸುಳ್ಳ ಯಾಕ ಹೇಳ್ಲಿ ನಿಮಗ.”

“ಅವತ್ತ ಒಂದ ಮಾತ ನಿಮಗ ಹೇಳಿದ್ರ...”

“ಹೇಳಿದ್ರೂ ಕೊಡಾಕ ನನ್ನ ಕೈಯಾಗ ಇರಲಿಲ್ಲ. ಆದರ ಹಿಡಕೊಂಡು ನಿಲ್ಲಾಕ ಬಿಡ್ತಿದ್ನಿ. ಎಷ್ಟೊತ್ತು ಬೇಕೋ ಅಷ್ಟೊತ್ತು.”

ಆದರೂ ಹುಲಗೇಶರು ಕಾಗದ ಬರೆದರು, ಮೇಲಿನ ಕಚೇರಿಗೆ ಮೂರು ಸಲ. ವರ್ಷದ ಮೇಲೆ ಎರಡು ಸಾಲಿನ ಉತ್ತರ ಬಂತು: ಸದರಿ ಆಯುಧಗಳನ್ನು ನಿಯಮಾನುಸಾರ ವಿಲೇವಾರಿ ಮಾಡಲಾಗಿದೆ. ಅದನ್ನು ಅವರು ನನಗೆ ತೋರಿಸಿದರು. ಆಗ ಹೇಳಿದ್ದು ಇಷ್ಟೇ: “ಎಣ್ಣಿ ಹಚ್ಚಿದ್ನೆಲ್ರಿ. ಅಷ್ಟರ ಆತು.”

ಸತ್ತೂರಿಗೆ ಹೋದ ದಿನ ಅವರು ಮನೆಗೆ ಮರಳಿದಾಗ ಸಂಜೆಯಾಗಿತ್ತು. ಸತ್ಯವ್ವ ಬಾಗಿಲಲ್ಲೇ ಕಾದಿದ್ದಳು.

“ಸಿಕ್ತೇನೋ?”

“ಸಿಕ್ಕಿತ್ತವ್ವ. ಏಳ ವರ್ಷದ ಹಿಂದ ನನ್ನ ಕೈಯಾಗ ಇತ್ತು.”

ಭಟ್ಟಿಯ ಮಾತನ್ನು ಅವರು ಎತ್ತಲಿಲ್ಲ. ಅವಳೂ ಈಗ ಎಲ್ಲಿದೆ ಎಂದು ಕೇಳಲಿಲ್ಲ. ಕಟ್ಟೆಯ ಮೇಲೆ ಮಗನನ್ನು ಕೂಡಿಸಿಕೊಂಡು ಬೇರೆಯೇ ಕೇಳಿದಳು.

“ಭಾರ ಇತ್ತೇನು? ನಿಮ್ಮಪ್ಪಗ ಎಡಗಡೆ ಹೆಗಲ ಸ್ವಲ್ಪ ಇಳದಿತ್ತು. ಅದರ ಭಾರಕ್ಕ ಅಂತಿದ್ದ.”

ಹುಲಗೇಶರು ನೆನಪು ಮಾಡಿಕೊಳ್ಳಲು ನೋಡಿದರು. ನಲವತ್ತು ಬಂದೂಕು ಎತ್ತಿ ಇಳಿಸಿದ ಕೈಗಳು. ಅದೊಂದರ ಭಾರ ಬೇರೆಯಾಗಿ ನೆನಪಿರಲಿಲ್ಲ. ಕಟ್ಟಿಗೆ ಕಪ್ಪಗಿತ್ತೋ ಕೆಂಪಗಿತ್ತೋ ಅದೂ ಇರಲಿಲ್ಲ. ನಂಬರಿಗಾಗಿ ಹುಡುಕಿದವರು ನಂಬರೊಂದನ್ನೇ ನೋಡಿದ್ದರು.

“ಭಾರ ಇತ್ತವ್ವ,” ಎಂದರು.

“ಮತ್ತ,” ಎಂದು ಮುದುಕಿ ಮಗನ ಎಡ ಹೆಗಲನ್ನು ಒಮ್ಮೆ ಒತ್ತಿ ಒಳಗೆ ಹೋದಳು. 2006ರಲ್ಲಿ ಅವಳೂ ತೀರಿಕೊಂಡಳು.

ಹುಲಗೇಶರು ಹುಡುಕಾಟ ನಿಲ್ಲಿಸಿದರೂ ಜನ ಅವರನ್ನು ಬಿಡಲಿಲ್ಲ. ಅವರು ನಿವೃತ್ತರಾಗುವ ಮುಂಚಿನ ವರ್ಷ, 2008ರಲ್ಲಿ, ಗುರುಶಿದ್ದಪ್ಪ ಎಂಬ ಅರಿವೆ ವ್ಯಾಪಾರಿ ತಮ್ಮ ಮುತ್ತಜ್ಜನ ಕಾಲದ ಕಾರ್ಬೈನ್ ನೋಡಲು ಅವರನ್ನು ಮನೆಗೆ ಕರೆಸಿದರು. ಜೊತೆಗೆ ನಾನೂ ಹೋಗಿದ್ದೆ. ಗಿಡ್ಡನೆಯ ಕುದುರೆ ಸವಾರರ ಬಂದೂಕು, ತುಕ್ಕು ಹಿಡಿದು ಕೆಲಸಕ್ಕೆ ಬಾರದ್ದು. ಗುರುಶಿದ್ದಪ್ಪ ಅದನ್ನು ಮೇಜಿನ ಮೇಲೆ ಮಲಗಿಸಿ, ಭೂತಗನ್ನಡಿಯನ್ನೂ ತಂದಿಟ್ಟರು.

ಹುಲಗೇಶರು ಭೂತಗನ್ನಡಿ ಮುಟ್ಟಲಿಲ್ಲ. ಕಾರ್ಬೈನನ್ನು ಎರಡೂ ಕೈಯಲ್ಲಿ ಎತ್ತಿ, ಭಾರ ನೋಡುವವರ ಹಾಗೆ ಸ್ವಲ್ಪ ಹೊತ್ತು ಹಿಡಿದಿದ್ದು, ಕಿಟಕಿಯ ಪಕ್ಕದ ಗೋಡೆಗೆ ನೆಟ್ಟಗೆ ಒರಗಿಸಿ ನಿಲ್ಲಿಸಿದರು. ಆಮೇಲೆ ಅದರ ಎದುರು ನೆಲದ ಮೇಲೆ ಕೂತುಬಿಟ್ಟರು. ಐದು ನಿಮಿಷವಾಯಿತು, ಹತ್ತಾಯಿತು.

“ಏನ್ ನೋಡಾಕತ್ತೀರಿ ಇಷ್ಟೊತ್ತು?” ಗುರುಶಿದ್ದಪ್ಪ ತಡೆಯಲಾರದೆ ಕೇಳಿದರು. “ಇಸವಿ ಕಾಣವಲ್ದೇನ್ರಿ?”

“ಇಸವಿ ಆಮ್ಯಾಲೆ ನೋಡೂಣ್ರಿ,” ಎಂದರು ಹುಲಗೇಶರು, ಕಣ್ಣು ಕದಲಿಸದೆ. “ಇದನ್ನ ಹಿಡಕೊಂಡಿದ್ದಾತ ಹೆಂಗ ನೋಡ್ತಿದ್ದ ಅಂತ ನೋಡಾಕತ್ತೇನಿ.”